ಮಹಿಂದಿ ಮೇಡಂ

ಪ್ರಾಂಶುಪಾಲರೆ, ಗುರುಗಳೆ, ನಾಳೆ ಬೋಧನಾಭ್ಯಾಸಕ್ಕೆ ಹೊರಟಿರುವ ಗೆಳೆಯರೆ,

ನಿಮ್ಮ ಪಾಠ ಯೋಜನೆಯ ಪುಸ್ತಕಗಳನ್ನು ಈಗಷ್ಟೇ ನೋಡಿದೆ. ಬೈಂಡು, ಕೆಂಪು ಮಸಿಯ ಗೆರೆ, ಎಲ್ಲ ಅಚ್ಚುಕಟ್ಟು. ನನ್ನದೂ ಹಾಗೇ ಇತ್ತು. ಬಿ.ಇಡಿ. ಎರಡನೇ ವರ್ಷದ ರಜೆಯಲ್ಲಿ ಅದನ್ನೇ ಬಗಲಲ್ಲಿಟ್ಟುಕೊಂಡು ಹತ್ತು ವಾರ ಪಾಠ ಮಾಡಲು ತಾಂಜಾನಿಯಾಕ್ಕೆ ಹೋದೆ.

ಊರು ಕರಾಟು ಪಟ್ಟಣದ ಹತ್ತಿರ. ಕೆಮ್ಮಣ್ಣು, ಕಾಫಿ ತೋಟ, ಬೆಳಗಿನ ಚಳಿ. ನಮ್ಮ ಸಕಲೇಶಪುರದ ಕಡೆಯವರಿಗೆ ಪರದೇಶ ಅನ್ನಿಸುವುದೇ ಇಲ್ಲ. ಹೊಲ ಮುಗಿದಲ್ಲಿ ಕಾಡು, ಕಾಡಿನ ಆಚೆ ಎನ್‌ಗೊರೊಂಗೊರೊ ಎಂಬ ವನ್ಯಮೃಗಗಳ ತಾಣ.

ಮೊದಲ ದಿನ ಫಾರ್ಮ್ ಒನ್, ಅಂದರೆ ನಮ್ಮ ಎಂಟನೇ ಕ್ಲಾಸು. ಎದುರಿಗೆ ಎಪ್ಪತ್ತು ಮಕ್ಕಳು. ಅಲ್ಲಿನ ಭಾಷೆ ಸ್ವಾಹಿಲಿಯಲ್ಲೇ ಪರಿಚಯ ಹೇಳಿಕೊಳ್ಳೋಣ ಅಂತ ಹುಮ್ಮಸ್ಸು. ಭಾರತೀಯರಿಗೆ ಅಲ್ಲಿ 'ಮ್‌ಹಿಂದಿ' ಅನ್ನುತ್ತಾರೆ, ಆ ಮಕಾರ ಅರ್ಧವೇ. ಬಸ್ಸಿಗೆ 'ಬಸ್ಸು', ಬೆಂಚಿಗೆ 'ಬೆಂಚು' ಅನ್ನುವ ನಾಲಿಗೆ ನಮ್ಮದು, ಸ್ವರ ಸೇರಿಸದೆ ಬಿಡುತ್ತದೆಯೇ? ನಾನು ಭಾರತೀಯಳು ಅನ್ನಲು ಹೋಗಿ 'ಮಿಮಿ ನಿ ಮಹಿಂದಿ' ಅಂದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನೂ ಸ್ವಲ್ಪ ನಕ್ಕೆ, ಯಾಕೆ ಅಂತ ಗೊತ್ತಿಲ್ಲದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಬಹಳ ಗಂಭೀರವಾಗಿ, 'ಹಾಗಾದರೆ ರಾತ್ರಿ ಹೊರಗೆ ಬರಬೇಡಿ ಮೇಡಂ, ಟೆಂಬೊ ತಿಂದುಬಿಡುತ್ತೆ' ಅಂದ.

ಮಹಿಂದಿ ಅಂದರೆ ಮೆಕ್ಕೆಜೋಳ. ಟೆಂಬೊ ಅಂದರೆ ಆನೆ. ಹತ್ತು ವಾರವೂ ನಾನು ಮಹಿಂದಿ ಮೇಡಂ ಆಗಿಯೇ ಉಳಿದೆ.

ಅವತ್ತಿನ ಪಾಠ ಆಹಾರ ಸರಪಳಿ. ಮೈಸೂರಿನಿಂದ ಕೊಂಡೊಯ್ದ ಚಾರ್ಟು ಬಿಚ್ಚಿದೆ: ಹುಲ್ಲು, ಜಿಂಕೆ, ಹುಲಿ. ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ ಅಂತ ಪುಸ್ತಕದಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ, ಆದರೂ ಚಾರ್ಟು ಸುತ್ತಿ ಚೀಲಕ್ಕೆ ಹಾಕುವಾಗ ಹೊಳೆಯಲಿಲ್ಲ ನೋಡಿ. ಪಾಠೋಪಕರಣಕ್ಕೆ ಅಂಕ ಇದೆಯಲ್ಲ, ತೂಗುಹಾಕಿದರೆ ಆಯಿತು!

ಅದಕ್ಕೇ ಹೇಳುವುದು, ಪಾಠದಲ್ಲಿ ಬರುವ ಪ್ರಾಣಿಗೆ ನಿಮ್ಮ ಮನೆಯಲ್ಲಿ ಏನಂತೀರಿ ಅಂತ ಮೊದಲು ಮಗುವನ್ನು ಕೇಳಿ. ಅಲ್ಲಿ ಪ್ರೈಮರಿ ಏಳು ವರ್ಷ ಸ್ವಾಹಿಲಿಯಲ್ಲಿ. ಸೆಕೆಂಡರಿಗೆ ಕಾಲಿಟ್ಟ ದಿನದಿಂದ ಇಂಗ್ಲಿಷ್. ನಿನ್ನೆವರೆಗೆ ಟೆಂಬೊ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದ ಹುಡುಗ ಇವತ್ತು 'ಎಲಿಫೆಂಟ್' ಅಂದಾಕ್ಷಣ ಡೆಸ್ಕು ನೋಡುತ್ತಾನೆ. ಇದು ಬರೀ ತಾಂಜಾನಿಯಾದ ಕಥೆ ಅಂದುಕೊಳ್ಳಬೇಡಿ.

ಚಾರ್ಟು ಸುತ್ತಿಟ್ಟು, ಆನೆ ಬರೆಯಿರಿ ಅಂದೆ. ಆ ಹಿಂದಿನ ಬೆಂಚಿನವನು ಬಾಲ್ ಪೆನ್ನಿನಲ್ಲಿ ಇಡೀ ಹಾಳೆ ಕಪ್ಪು ಮಾಡುತ್ತಾ ಕೂತ. ತೀಡಿ ತೀಡಿ ಹಾಳೆ ಎರಡು ಕಡೆ ತೂತು ಬಿದ್ದಿತ್ತು. ನಡುವೆ ಎರಡು ಬಿಳಿ ಕೊಂಬು, ಅಷ್ಟೇ. 'ಆನೆ ಎಲ್ಲಪ್ಪ?' 'ಅದು ರಾತ್ರಿ ಬರೋದು ಮೇಡಂ.' ತೆನೆ ಹಾಲುಗಟ್ಟಿದಾಗ ಬರುತ್ತೆ, ಅಪ್ಪ ತಗಡು ಬಡಿಯುತ್ತಾರೆ, ಮಾರನೇ ದಿನ ತಾನು ಕ್ಲಾಸಿನಲ್ಲಿ ತೂಕಡಿಸುತ್ತೇನೆ. ಇಷ್ಟನ್ನೂ ಅವನೇ ಹೇಳಿದ. ಆಹಾರ ಸರಪಳಿ ಕಲಿಸಲು ಹೋದವಳು ನಾನು!

ಎನ್‌ಗೊರೊಂಗೊರೊಗೂ ಹೋದೆ. ಕುಸಿದ ಜ್ವಾಲಾಮುಖಿಯ ಬಟ್ಟಲು, ಸುಮಾರು 600 ಮೀಟರ್ ಆಳ, ತಳವೇ 260 ಚದರ ಕಿಲೋಮೀಟರ್. ಸಿಂಹ, ಘೇಂಡಾಮೃಗ ಎರಡೂ ಕಂಡವು. ಊಟಕ್ಕೆ ನಿಲ್ಲಿಸಿದಲ್ಲಿ ಹದ್ದೊಂದು ಎರಗಿ ಕೈಯಲ್ಲಿದ್ದ ಚಪಾತಿ ಕಿತ್ತುಕೊಂಡು ಹೋಯಿತು. (ಅಲ್ಲೂ ಅದು ಚಪಾತಿಯೇ. ಗಾಡಿಗೆ 'ಗಾರಿ', ದುಡ್ಡಿಗೆ 'ಪೆಸಾ'.) ವಾಪಸು ಬಂದು ಕ್ಲಾಸಿನಲ್ಲಿ ಕೇಳಿದೆ, ಯಾರ್ಯಾರು ನೋಡಿದ್ದೀರಿ? ಎಪ್ಪತ್ತರಲ್ಲಿ ನಾಲ್ಕು ಕೈ. ಆ ನಾಲ್ವರ ಅಪ್ಪಂದಿರೂ ಸಫಾರಿ ಜೀಪಿನ ಡ್ರೈವರುಗಳು. ಬಂಡೀಪುರದ ಅಂಚಿನ ಶಾಲೆಗೆ ಹೋಗುವವರಿದ್ದರೆ ನೀವೂ ಒಮ್ಮೆ ಕೇಳಿ ನೋಡಿ.

ಜೇನುಪೆಟ್ಟಿಗೆಯ ಬೇಲಿ ಬಗ್ಗೆ ಹೇಳಬೇಕಿತ್ತು. ಆನೆಗೆ ಜೇನಿನ ಭಯ; ಕೀನ್ಯಾದಲ್ಲಿ ಪ್ರಯೋಗವಾಗಿ, 2021ರಲ್ಲಿ ನಮ್ಮ ಕೊಡಗಿಗೂ ಬಂತು. ಸೆರೆಂಗೆಟಿ ಬಯಲಿನ ನ್ಯುಂಬು, ಅಂದರೆ ವೈಲ್ಡ್‌ಬೀಸ್ಟ್ ಹಿಂಡುಗಳ, ವಲಸೆಯೂ ಚೀಟಿಯಲ್ಲಿದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸರ್, ಸ್ವಾಹಿಲಿಯವರು ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸುತ್ತಾರೆ, ಅವರ ಲೆಕ್ಕದಲ್ಲಿ ಈಗ ಬರೀ ಆರು! ಇರಲಿ, ಊಟದ ಹೊತ್ತು ಎಲ್ಲಿದ್ದರೂ ಊಟದ ಹೊತ್ತೇ.

ಆ ಕಪ್ಪು ಹಾಳೆ ತಂದಿದ್ದೇನೆ, ಮುಂದಿನ ಸಾಲಿನಿಂದ ಕೈ ದಾಟಿಸಿ. ಕೈ ಒದ್ದೆ ಇದ್ದವರು ಮುಟ್ಟಬೇಡಿ, ಮಸಿ ಇನ್ನೂ ಅಂಟುತ್ತದೆ.