ಮೊದಲ ಆಲ್ಬಂನಿಂದ ಶುರು ಮಾಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ದೆಹಲಿಯ ಒಂದು ರಾಕ್ ಬ್ಯಾಂಡ್ ಬಗ್ಗೆ. ಹೆಸರು ಇಂಡಿಯನ್ ಓಶನ್. ರಾಕ್ ಅಂದ ಕೂಡಲೇ ರೇಡಿಯೋ ಆಫ್ ಮಾಡಬೇಡಿ. ಮದ್ದೂರಿನ ಕಡೆ ಗದ್ದೆ ಕೆಲಸ ಮುಗಿಸಿ ಜಗಲಿ ಮೇಲೆ ಕೂತವರೂ ಕೇಳಬಹುದಾದ ಸಂಗೀತ ಇದು. ಗಿಟಾರ್ ಇದೆ, ಡ್ರಮ್ಸ್ ಇದೆ, ತಬಲಾನೂ ಇದೆ. ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡನ್ನೂ ಕರ್ನಾಟಕ ವಾದ್ಯವೃಂದವನ್ನೂ ಸಾಕಿದ ಊರು ನಮ್ಮ ಮೈಸೂರು. ನಮಗೆ ಇದೇನು ಹೊಸದಲ್ಲ, ಅಲ್ವಾ?

ನಾನು ಹೇಳಬೇಕಾದದ್ದು ಒಂದೇ ಮಾತು. ಈ ಬ್ಯಾಂಡಿನ ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳಿ. ಮೊದಲು ಬಂದದ್ದನ್ನು ಮೊದಲು, ಆಮೇಲೆ ಬಂದದ್ದನ್ನು ಆಮೇಲೆ. ಗಿಟಾರ್ ಕಲಿಯಲು ಬರುವ ಹುಡುಗರು "ಸಾರ್, ಇವರ ಬೆಸ್ಟ್ ಹಾಡು ಯಾವುದು?" ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಫೋನಿನಲ್ಲಿ ಸಿಕ್ಕಿದ ಒಂದು ಹಾಡನ್ನು ಅರ್ಧ ಕೇಳಿ ಮುಂದಕ್ಕೆ ಹೋದರೆ, ಒಂದು ಬ್ಯಾಂಡ್ ಹೇಗೆ ಬೆಳೆಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಬ್ಯಾಂಡ್ ಶುರುವಾದದ್ದು 1990ರಲ್ಲಿ. ಗಿಟಾರಿನಲ್ಲಿ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿಗೆ ಅಸೀಮ್ ಚಕ್ರವರ್ತಿ. ಆಮೇಲೆ ಬಾಸ್ ಗಿಟಾರಿಗೆ ರಾಹುಲ್ ರಾಮ್ ಬಂದರು, 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಂ. ಮೊದಲ ಆಲ್ಬಂ 1993ರದ್ದು. ಅದರಲ್ಲಿ ಹಾಡಿಗಿಂತ ವಾದ್ಯವೇ ಜಾಸ್ತಿ. ಎರಡನೆಯದು ಡೆಸರ್ಟ್ ರೇನ್. ಅದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ. ಬೀದಿ ನಾಟಕದ ಸಫ್ದರ್ ಹಾಶ್ಮಿ ಅವರ ನೆನಪಿಗೆ 1997ರ ಜನವರಿ 1ರಂದು ದೆಹಲಿಯಲ್ಲಿ ನುಡಿಸಿದ ಕಛೇರಿಯ ರೆಕಾರ್ಡಿಂಗು. ಇಲ್ಲಿಂದ ಹಾಡು ಮುಂದೆ ಬರುತ್ತಾ ಹೋಗುತ್ತದೆ.

2000ದಲ್ಲಿ ಕಂದೀಸಾ ಬಂತು. ದೇಶದ ಮೂಲೆಮೂಲೆಗೆ ಇವರ ಹೆಸರು ಹೋದದ್ದು ಇದರಿಂದ. ಶೀರ್ಷಿಕೆ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ. ಅದೇ ಆಲ್ಬಂನಲ್ಲಿ ಮಾ ರೇವಾ ಅಂತ ನರ್ಮದಾ ನದಿಯ ಹಾಡಿದೆ. ರಾಹುಲ್ ರಾಮ್ ಅಮೆರಿಕದಲ್ಲಿ ಪಿಎಚ್‌ಡಿ ಮುಗಿಸಿ ಬಂದು ನರ್ಮದಾ ಬಚಾವೋ ಆಂದೋಲನದಲ್ಲಿ ಕೆಲಸ ಮಾಡಿದವರು. ಆ ಕಣಿವೆಯ ಜನರಿಂದ ಕಲಿತ ಹಾಡು ಅದು. ಮಂಡ್ಯದವರು ಇದನ್ನು ತಪ್ಪದೆ ಕೇಳಬೇಕು. ನದಿಗಾಗಿ ರಸ್ತೆಗಿಳಿದವರಿಗೆ ಆ ಹಾಡಿನ ಹಿಂದಿ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ.

ಈಗ ನಮ್ಮ ಕ್ಲಾಸಿನ ಒಂದು ಪ್ರಸಂಗ ಹೇಳುತ್ತೇನೆ. ಒಂದು ಭಾನುವಾರ ಮಕ್ಕಳನ್ನೆಲ್ಲ ಕೂರಿಸಿ, ಹೆಸರು ಹೇಳದೆ, ಈ ಆಲ್ಬಂಗಳಿಂದ ಒಂದೊಂದು ಹಾಡನ್ನು ಕ್ರಮವಾಗಿ ಹಾಕಿದೆ. ಏನು ಬದಲಾಯಿತು ಹೇಳಿ ಅಂದೆ. 2014ರ ತಂದಾನು ಆಲ್ಬಂ ಬಂದಾಗ ಗಿಟಾರ್ ಹುಡುಗರು ತಕ್ಷಣ ಕೈ ಎತ್ತಿದರು. "ಗಿಟಾರ್ ಬೇರೆಯವರದ್ದು ಸಾರ್." ನಿಜ. ಸುಸ್ಮಿತ್ ಸೇನ್ 2013ರಲ್ಲಿ ಬ್ಯಾಂಡ್ ಬಿಟ್ಟರು. ಅವರು ತಂತಿ ಮೀಟಿದರೆ ಸರೋದ್ ಕೇಳಿದ ಹಾಗಿರುತ್ತಿತ್ತು. ಅವರ ಜಾಗಕ್ಕೆ ಬಂದ ನಿಖಿಲ್ ರಾವ್ ಅವರದ್ದು ಹೆಚ್ಚು ಖಡಕ್ಕಾದ ರಾಕ್ ಗಿಟಾರು. ಇಷ್ಟಕ್ಕೇ ಎಲ್ಲರೂ ಸುಮ್ಮನಾದರು.

ಹಿಂದಿನ ಸಾಲಿನಲ್ಲಿ ಶ್ರೀರಂಗಪಟ್ಟಣದಿಂದ ಬರುವ ಒಬ್ಬ ಹುಡುಗಿ ಕೂತಿದ್ದಳು. ತಬಲಾ ಕಲಿತವಳು, ಮಾತು ಕಡಿಮೆ. ಇನ್ನೊಂದು ಸಲ ಹಾಕಿ ಅಂದಳು. ಹಾಕಿದೆ. ಹಳೆಯದನ್ನೂ ಹಾಕಿ ಅಂದಳು. ಹುಡುಗರು ಗೊಣಗಿದರು, ಆದರೂ ಹಾಕಿದೆ. ಕೇಳಿ ಮುಗಿಸಿ ಹೇಳಿದಳು: "ಸಾರ್, ಮೊದಲು ಹಾಡೋರೂ ತಬಲಾ ಬಾರಿಸೋರೂ ಒಬ್ಬರೇ. ಹಾಡು ನಿಂತ ಕಡೆ ತಬಲಾ ಮಾತಾಡ್ತಿತ್ತು. ಈಗ ಎರಡೂ ಒಟ್ಟಿಗೆ ಮಾತಾಡ್ತವೆ. ಇಬ್ಬರಿದ್ದಾರೆ."

ನನಗೆ ಮೈ ಜುಮ್ ಅಂತು. ಅವಳು ಹೇಳಿದ್ದು ಅಕ್ಷರಶಃ ಸತ್ಯ. ಅಸೀಮ್ ತಬಲಾ ನುಡಿಸುತ್ತಲೇ ಹಾಡುತ್ತಿದ್ದರು. 2009ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಆ ಒಬ್ಬರ ಜಾಗ ತುಂಬಲು ಇಬ್ಬರು ಬೇಕಾಯಿತು. ತಬಲಾಕ್ಕೆ ತುಹೀನ್ ಚಕ್ರವರ್ತಿ, ಹಾಡಿಗೆ ಹಿಮಾಂಶು ಜೋಶಿ. ಇದು ಆ ಹುಡುಗಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಕ್ರಮವಾಗಿ ಕೇಳಿದ್ದಕ್ಕೆ ಕಿವಿಗೆ ಸಿಕ್ಕಿತು. ಬಿಡಿ ಬಿಡಿಯಾಗಿ ಕೇಳಿದ್ದರೆ ಸಿಗುತ್ತಿತ್ತಾ? ಖಂಡಿತ ಇಲ್ಲ.

ಸಮಯ ಮುಗಿಯುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ. 2003ರ ಝೀನಿಯಲ್ಲಿ ಕಬೀರನ ಪದ ಇದೆ. 2010ರ ಆಲ್ಬಂನ ಹೆಸರು 16/330 ಖಜೂರ್ ರೋಡ್. ಅದು ದೆಹಲಿಯ ಕರೋಲ್ ಬಾಗ್‌ನಲ್ಲಿ ಇವರು ಅಭ್ಯಾಸ ಮಾಡುತ್ತಿದ್ದ ಹಳೆಯ ಮನೆಯ ವಿಳಾಸ. ಅಸೀಮ್ ಹಾಡಿ ಹೋದ ಹಾಡುಗಳು ಅದರಲ್ಲಿವೆ. ಕಂಪನಿಗಳ ಕೈಗೆ ಕೊಡದೆ, ತಿಂಗಳಿಗೊಂದರಂತೆ ತಮ್ಮ ವೆಬ್‌ಸೈಟಿನಲ್ಲೇ ಉಚಿತವಾಗಿ ಬಿಟ್ಟರು. ತಂದಾನುವಿನಲ್ಲಿ ವಿಶ್ವಮೋಹನ್ ಭಟ್, ಶುಭಾ ಮುದ್ಗಲ್, ಶಂಕರ್ ಮಹಾದೇವನ್ ಅವರಂಥವರು ಜೊತೆಗೂಡಿದ್ದಾರೆ.

ಆಮೇಲೆ ಒಂಬತ್ತು ವರ್ಷ ಬಿಟ್ಟು 2023ರಲ್ಲಿ ತೂ ಹೈ ಬಂತು. ಹೊಸದು ಅಂತ ಅದನ್ನೇ ಮೊದಲು ಹಾಕಿಕೊಳ್ಳಬೇಡಿ, ದಯವಿಟ್ಟು. 1993ರದ್ದನ್ನು ಈ ವಾರ ಕೇಳಿ, ಡೆಸರ್ಟ್ ರೇನ್ ಮುಂದಿನ ವಾರಕ್ಕಿರಲಿ. ನಮಸ್ಕಾರ.