‘ವಿ ವನ್ ಹರಿಹರ್’ ಯಾಕೆ ತಪ್ಪು? ಆಟದ ಮಾತಿಗೆ ಬೇಕಾದ ಇಂಗ್ಲಿಷ್

[ದೃಶ್ಯ: ದಾವಣಗೆರೆಯ ಹೈಸ್ಕೂಲ್ ಮೈದಾನ, ಸಂಜೆ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಎಳೀತಿದ್ದಾರೆ.]

ನಿರೂಪಣೆ: ನಿನ್ನೆ ಕಬಡ್ಡಿಯಲ್ಲಿ ಹರಿಹರದವರನ್ನ ಗೆದ್ದಿದ್ದೀರಿ ಅಂದ್ಕೊಳ್ಳಿ. ಹೊರಗಿನಿಂದ ಬಂದ ಕೋಚ್ ಇಂಗ್ಲಿಷಿನಲ್ಲಿ ಕೇಳ್ತಾರೆ, ಮ್ಯಾಚ್ ಏನಾಯ್ತು ಅಂತ. ತಟ್ಟನೆ ಬಾಯಿಗೆ ಬರೋದು, ‘ಸರ್, ವಿ ವನ್ ಹರಿಹರ್.’ ಕೇಳಿದವರಿಗೆ ಹರಿಹರ ಊರನ್ನೇ ನಿಮಗೆ ಬಹುಮಾನವಾಗಿ ಕೊಟ್ಟ ಹಾಗೆ ಅನಿಸುತ್ತೆ.

ತಪ್ಪಿನ ಬೇರು ಕನ್ನಡದಲ್ಲೇ ಇದೆ. ನಮ್ಮ ‘ಗೆಲ್ಲು’ ಎರಡು ಕೆಲಸ ಮಾಡುತ್ತೆ: ಪಂದ್ಯವನ್ನೂ ಗೆಲ್ತೀವಿ, ಎದುರಾಳಿಯನ್ನೂ ಗೆಲ್ತೀವಿ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಕ್ರಿಯಾಪದ. ‘ವಿನ್’ ಆದ ಮೇಲೆ ಮ್ಯಾಚ್, ಕಪ್, ಪದಕ, ಟಾಸ್ ಬರಬೇಕು. ‘ಬೀಟ್’ ಆದ ಮೇಲೆ ಎದುರಾಳಿ ಬರಬೇಕು.

[ತೆರೆಯ ಮೇಲೆ: ವಿ ವನ್ ದ ಮ್ಯಾಚ್. / ವಿ ಬೀಟ್ ಹರಿಹರ್.]

ಬೀಟ್ ಅಂದ್ರೆ ಹೊಡೆಯೋದಲ್ವಾ ಅಂತ ಹಿಂಜರಿಯಬೇಡಿ, ಆಟದ ಮಾತಿನಲ್ಲಿ ಅದರ ಅರ್ಥ ಸೋಲಿಸೋದು. ನಿನ್ನೆಯ ಮಾತಿಗೂ ‘ಬೀಟ್’ ಅಂತಲೇ. ‘ಬೀಟೆಡ್’ ಅನ್ನೋ ಪದವೇ ಇಲ್ಲ. ‘ಹ್ಯಾವ್’ ಜೊತೆಗೆ ಮತ್ತು ‘ವಿ ವರ್ ಬೀಟನ್’ (ನಾವು ಸೋಲಿಸಲ್ಪಟ್ವಿ) ಅನ್ನುವಾಗ ‘ಬೀಟನ್’.

ಸೋಲಿನ ವಿಷಯಕ್ಕೆ ಬಂದರೆ ಕನ್ನಡ ಕೈ ಹಿಡಿಯುತ್ತೆ. ‘ಹರಿಹರದವರಿಗೆ ಸೋತ್ವಿ’ ಅಂತೀವಲ್ಲ, ಆ ‘ಗೆ’ ಇರೋ ಜಾಗಕ್ಕೆ ‘ಟು’ ಇಡಿ. ‘ವಿ ಲಾಸ್ಟ್ ಟು ಹರಿಹರ್.’ ‘ಲಾಸ್ಟ್ ಫ್ರಮ್’ ಬೇಡ.

[ದೃಶ್ಯ: ತೆರೆಯ ಅರ್ಧಭಾಗದಲ್ಲಿ ಸ್ಕೋರ್ ಪಟ್ಟಿ]

ಇನ್ನು ಎಷ್ಟರಲ್ಲಿ ಗೆದ್ದಿರಿ? ಇದಕ್ಕೆ ‘ಬೈ’ ಬೇಕು. ಉದಾಹರಣೆಗೆ ದೂರ ಹೋಗಬೇಕಿಲ್ಲ. ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್ ನಾಯಕರಾಗಿದ್ದಾಗ ಕರ್ನಾಟಕ ಎರಡು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದಿತು. 2013-14ರ ಫೈನಲ್‌ನಲ್ಲಿ ಕರ್ನಾಟಕ ಬೀಟ್ ಮಹಾರಾಷ್ಟ್ರ ಬೈ ಸೆವೆನ್ ವಿಕೆಟ್ಸ್. 2014-15ರಲ್ಲಿ ಕರ್ನಾಟಕ ಬೀಟ್ ತಮಿಳುನಾಡು ಬೈ ಆ್ಯನ್ ಇನ್ನಿಂಗ್ಸ್ ಆ್ಯಂಡ್ 217 ರನ್ಸ್.

ಒಂದರಲ್ಲಿ ವಿಕೆಟ್, ಇನ್ನೊಂದರಲ್ಲಿ ರನ್ ಯಾಕೆ? ಗುರಿ ಬೆನ್ನಟ್ಟಿ ಗೆದ್ದವರಿಗೆ ಉಳಿದಿರೋದು ವಿಕೆಟ್, ಅದನ್ನೇ ಹೇಳ್ತೀವಿ. ಎದುರಾಳಿಯನ್ನ ಗುರಿಗಿಂತ ಕೆಳಗೇ ಕಟ್ಟಿಹಾಕಿದವರು ರನ್‌ನಲ್ಲಿ ಗೆಲ್ತಾರೆ. ಎದುರಾಳಿಯ ಎರಡೂ ಸರದಿ ಸೇರಿದರೂ ನಮ್ಮ ಒಂದೇ ಸರದಿಯಷ್ಟು ರನ್ ಆಗಲಿಲ್ಲ ಅಂದ್ರೆ ಅದು ಇನ್ನಿಂಗ್ಸ್ ಗೆಲುವು. ಕ್ರಿಕೆಟ್‌ನಲ್ಲಿ ಒಂದೇ ಸರದಿಯಾದರೂ ‘ಇನ್ನಿಂಗ್ಸ್’ ಅಂತಲೇ ಹೇಳಬೇಕು. ‘ಇನ್ನಿಂಗ್’ ಬೇಸ್‌ಬಾಲ್‌ನವರ ಪದ.

ಕಬಡ್ಡಿಯಲ್ಲಿ 34-31 ಆಗಿದ್ರೆ ‘ಬೈ ಥ್ರೀ ಪಾಯಿಂಟ್ಸ್’. ಅಂಕ ಹೇಳುವಾಗ ದೊಡ್ಡದು ಮೊದಲು, ನೀವು ಸೋತಿದ್ದರೂ ಅಷ್ಟೇ: ‘ವಿ ಲಾಸ್ಟ್ ಥರ್ಟಿ ಫೋರ್, ಥರ್ಟಿ ವನ್.’ ಸೊನ್ನೆಗೆ ಫುಟ್‌ಬಾಲ್‌ನಲ್ಲಿ ‘ನಿಲ್’, ಟೆನಿಸ್‌ನಲ್ಲಿ ‘ಲವ್’.

ಸಮ ಆದ್ರೆ? ಇಲ್ಲಿ ಬಹಳ ಜನ ಎಡವ್ತಾರೆ. ಕ್ರಿಕೆಟ್‌ನಲ್ಲಿ ‘ಡ್ರಾ’ ಅಂದ್ರೆ ಸಮಯ ಮುಗೀತು, ಆಟ ಮುಗೀಲಿಲ್ಲ. ‘ಟೈ’ ಅಂದ್ರೆ ಆಟ ಪೂರ್ತಿ ಮುಗಿದು ರನ್ ಸಮ ಆಯ್ತು. 1986ರಲ್ಲಿ ಮದ್ರಾಸಿನಲ್ಲಿ ನಡೆದ ಭಾರತ–ಆಸ್ಟ್ರೇಲಿಯಾ ಟೆಸ್ಟ್ ಟೈ ಆಗಿತ್ತು. ಒಂದು ದಿನದ ಪಂದ್ಯದಲ್ಲಿ ಡ್ರಾ ಅನ್ನೋದೇ ಇಲ್ಲ. ಮಳೆ ಬಂದು ಫಲಿತಾಂಶ ಸಿಗದಿದ್ರೆ ‘ನೋ ರಿಸಲ್ಟ್’. ಆದರೆ ಫುಟ್‌ಬಾಲ್‌ನಲ್ಲಿ 1-1ಕ್ಕೆ ಮುಗಿದರೆ ‘ಡ್ರಾ’ ಸರಿ.

ಮಳೆಯ ಮಾತಿಗೂ ಮೂರು ಪದ ಬೇಕು. ಬೇರೆ ದಿನಕ್ಕೆ ಹಾಕಿದರೆ ‘ಪೋಸ್ಟ್‌ಪೋನ್ಡ್’. ಶುರುವಾಗೋ ಮೊದಲೇ ಪೂರ್ತಿ ಕೈಬಿಟ್ಟರೆ ‘ಕ್ಯಾನ್ಸಲ್ಡ್’. ಶುರುವಾಗಿ ಅರ್ಧಕ್ಕೆ ನಿಂತು ಮತ್ತೆ ಆಡಲಿಲ್ಲ ಅಂದ್ರೆ ‘ಅಬ್ಯಾಂಡನ್ಡ್’. ಮುಂದೂಡಿದ್ದನ್ನ ಕ್ಯಾನ್ಸಲ್ ಅಂತ ಹೇಳಿಬಿಟ್ಟರೆ ಎದುರು ತಂಡ ಅವತ್ತು ಬರೋದೇ ಇಲ್ಲ, ವಾಕ್‌ಓವರ್ ಆಗಿಬಿಡುತ್ತೆ.

[ದೃಶ್ಯ: ಜಾತ್ರೆಯ ಅಖಾಡ, ಮಣ್ಣು ಎರಚಿಕೊಳ್ಳುತ್ತಿರುವ ಪೈಲ್ವಾನರು]

ದುಗ್ಗಮ್ಮನ ಜಾತ್ರೆಯ ಕುಸ್ತಿ ಬಗ್ಗೆ ಹೇಳುವಾಗ ಒಂದು ಜೋಡಿಯ ಸೆಣಸಾಟ ‘ಬೌಟ್’. ಪಟ್ಟು ‘ಹೋಲ್ಡ್’. ಚಿತ್ ಮಾಡೋದು ‘ಪಿನ್’: ‘ಹಿ ಪಿನ್ಡ್ ಹಿಸ್ ಅಪೊನೆಂಟ್.’ ‘ಪ್ಲೇ ರೆಸ್ಲಿಂಗ್’ ಅನ್ನಬೇಡಿ, ‘ಹಿ ರೆಸಲ್ಸ್’ ಸಾಕು. ಕಬಡ್ಡಿ, ಖೋಖೋಗೆ ‘ಪ್ಲೇ’, ಯೋಗ, ಜೂಡೋಗೆ ‘ಡೂ’, ಓಟ, ಈಜಿಗೆ ‘ಗೋ’: ‘ಐ ಗೋ ರನ್ನಿಂಗ್.’ ಸ್ಪರ್ಧೆಯಲ್ಲಿ ಭಾಗವಹಿಸಿದೆ ಅನ್ನೋದಕ್ಕೆ ‘ಐ ಟುಕ್ ಪಾರ್ಟ್ ಇನ್’. ಆ ‘ಇನ್’ ಬಿಟ್ಟರೆ ವಾಕ್ಯ ಮುರಿಯುತ್ತೆ.

ಕೊನೆಗೆ ಬಹುಮಾನ. ‘ಫಸ್ಟ್ ಪ್ರೈಸ್’ ಅಂದ್ರೆ ಮೊದಲ ಬೆಲೆ ಅಂತಾಗುತ್ತೆ, ಬೇಕಾಗಿರೋದು ‘ಪ್ರೈಜ್’. ಗಂಟಲ ಮೇಲೆ ಬೆರಳಿಟ್ಟು ಎರಡನ್ನೂ ಹೇಳಿ ನೋಡಿ. ಕೊನೆಯ ಶಬ್ದದಲ್ಲಿ ಗಂಟಲು ಅದುರಿದರೆ ಬಹುಮಾನ, ಬರೀ ಗಾಳಿ ಬಂದರೆ ಬೆಲೆ. ಸೋಲೋದು ಅನ್ನೋ ‘ಲೂಜ್’ ಮತ್ತು ಸಡಿಲ ಅನ್ನೋ ‘ಲೂಸ್’ ನಡುವೆಯೂ ಇದೇ ವ್ಯತ್ಯಾಸ. ಹತ್ತು ಸಲ ಜೋಡಿಯಾಗಿ ಹೇಳಿ, ಬೆರಳು ತೆಗೀಬೇಡಿ.

[ತೆರೆಯ ಮೇಲೆ: ಪ್ರೈಸ್ – ಪ್ರೈಜ್, ಲೂಸ್ – ಲೂಜ್. ಹತ್ತು ಸೆಕೆಂಡ್ ಮೌನ.]