ಗ್ರಿಲ್‌ಗೊಂದು ಬಾಗಿಲು ಇಡಿಸಿ

ಎಲ್ಲರಿಗೂ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಬೆಂಗಳೂರಲ್ಲಿ ಗ್ರಿಲ್ ಇಲ್ಲದೆ ಮಲಗೋಕಾಗುತ್ತಾ? ಬೆಂಕಿ ಯಾವಾಗಲೋ ಒಮ್ಮೆ, ಕಳ್ಳತನ ದಿನಾ." ಅದಕ್ಕೆ ಲೈಕ್ ಮೇಲೆ ಲೈಕ್. ನನಗೆ ಮೈ ಉರಿದುಹೋಯಿತು. ಬಾಲ್ಕನಿ ಗ್ರಿಲ್ ಕಿತ್ತುಹಾಕಿ ಅಂತ ನಾನು ಹೇಳೇ ಇಲ್ಲ. ಬೆಂಕಿ ಬಿದ್ದರೆ ಹೊರಗೆ ಬರೋಕೆ, ಒಳಗಿನಿಂದ ತೆಗೆಯುವಂಥ ಒಂದು ಚಿಕ್ಕ ಬಾಗಿಲು ಆ ಗ್ರಿಲ್‌ಗೆ ಇಡಿಸಿ ಅಂದೆ. ಅಷ್ಟೇ.

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿತ್ತಲ್ವಾ? ಬಾಲ್ಕನಿಗೆ ಗ್ರಿಲ್ ಹಾಕಿತ್ತು. ಅದರ ಹಿಂದೆ ಸಿಕ್ಕಿಕೊಂಡವರ ಕೂಗು ಕೆಳಗಿದ್ದವರಿಗೆಲ್ಲ ಕೇಳಿಸುತ್ತಿತ್ತು. ಹೊರಗೆ ತರಲು ಆಗಲಿಲ್ಲ. ಇಬ್ಬರು ಹೆಂಗಸರು ತೀರಿಕೊಂಡರು. ಕಳ್ಳನಿಗೆ ಅಂತ ಹಾಕಿದ ಕಬ್ಬಿಣ ಮನೆಯವರನ್ನೇ ತಡೆಯಿತು.

ನಮ್ಮ 30-40 ಸೈಟಿನ ಕಟ್ಟಡಗಳನ್ನು ನೋಡಿ. ಮೂರು ಮಹಡಿ, ಐದಾರು ಬಾಡಿಗೆ ಮನೆ, ಎಲ್ಲರಿಗೂ ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್. ಅದಕ್ಕೆ ಅಂಟಿಕೊಂಡ ಹಾಗೆ ಸ್ಕೂಟರ್‌ಗಳು, ಚಪ್ಪಲಿ ಸ್ಟ್ಯಾಂಡ್, ಹಳೇ ಪೇಪರ್ ಕಟ್ಟು. ಈಗ ಎಲೆಕ್ಟ್ರಿಕ್ ಗಾಡಿ ಚಾರ್ಜ್‌ಗೆ ಹಾಕುವುದೂ ಅಲ್ಲೇ. ಅಲ್ಲೊಂದು ಕಿಡಿ ಹತ್ತಿದರೆ ಹೊಗೆ ಮೇಲೆ ಬರುವ ದಾರಿ ಆ ಮೆಟ್ಟಿಲು. ನೀವು ಕೆಳಗೆ ಹೋಗುವ ದಾರಿಯೂ ಅದೇ. ಟೆರೇಸ್ ಬಾಗಿಲಿಗೆ ಬೀಗ, ಕೀ ಓನರ್ ಹತ್ತಿರ. ಉಳಿಯುವುದು ಬಾಲ್ಕನಿ. ಅಗ್ನಿಶಾಮಕದವರು ಏಣಿ ಹಾಕಿದರೂ ನೀವು ಹೊರಗೆ ಬರಬೇಕಾದದ್ದು ಆ ಗ್ರಿಲ್ ದಾಟಿಯೇ. ಬಾಗಿಲಿಲ್ಲದ ಗ್ರಿಲ್ ಆದರೆ ಅವರು ಕಬ್ಬಿಣ ಕತ್ತರಿಸುತ್ತಾ ಕೂರಬೇಕು. ಹೊಗೆ ಅಷ್ಟು ಹೊತ್ತು ಕಾಯುತ್ತದಾ?

"ಬೆಂಕಿ ಬೀಳದ ಹಾಗೆ ನೋಡಿಕೊಂಡರೆ ಸಾಕು" ಅನ್ನುವವರೂ ಇದ್ದಾರೆ. ನೋಡಿಕೊಳ್ಳಿ, ಬೇಡ ಅಂದವರು ಯಾರು? ಗ್ಯಾಸ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಿ, ರಾತ್ರಿ ರೆಗ್ಯುಲೇಟರ್ ಆಫ್ ಮಾಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆಯಿರಿ, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಇದೆಲ್ಲ ನಿಮ್ಮ ಮನೆಯದಾಯಿತು. ಕೆಳಗಿನ ಮನೆ ಸಿಲಿಂಡರ್ ಯಾರು ನೋಡುತ್ತಾರೆ? ಅದಕ್ಕೇ ಹೇಳುತ್ತಿದ್ದೇನೆ, ಬಾಗಿಲು ಇಡಿಸಿ.

ಇಡಿಸಿದ ಮೇಲೂ ಸುಮ್ನೆ ಇರಬೇಡಿ. ಪರಿಚಯದವರ ಮನೆಯಲ್ಲಿ ಗ್ರಿಲ್‌ಗೆ ಬಾಗಿಲೇನೋ ಇತ್ತು. ಬೀಗ ತುಕ್ಕು ಹಿಡಿದಿತ್ತು, ಕೀ ಹಾಕುವ ತೂತಿನ ಮೇಲೆ ಹಸಿರು ಪೇಂಟ್ ಬಳಿದಿದ್ದರು. ಕೀ ಬೀರುವಿನ ಲಾಕರ್‌ನಲ್ಲಿ. ಬೀರುವಿನ ಕೀ ಯಜಮಾನರ ಜೇಬಿನಲ್ಲಿ. ಅವರು ಆಫೀಸಿನಲ್ಲಿ, ಮನೆಯಲ್ಲಿ ಅಜ್ಜಿ ಮತ್ತು ಮಕ್ಕಳು. ಯಾರನ್ನು ಕಾಯುವ ಬೀಗ ಸ್ವಾಮಿ ಅದು?

ಕಳ್ಳ ಕೈ ಹಾಕಿ ಕೀ ತೆಗೆದರೆ ಅಂತೀರಾ? ಹೊರಗಿನ ಕೈಗೆ ಎಟುಕದ ಗೋಡೆಯಲ್ಲಿ, ಮಕ್ಕಳಿಗೂ ಸಿಗದ ಎತ್ತರದಲ್ಲಿ ಒಂದು ಮೊಳೆ ಹೊಡೆದು ತೂಗುಹಾಕಿ. ಮನೆಯ ದೊಡ್ಡವರಿಗೆಲ್ಲ ತೋರಿಸಿ. ಮಳೆಗಾಲಕ್ಕೆ ಮುಂಚೆ ಬೀಗಕ್ಕೆ ಎರಡು ಹನಿ ಎಣ್ಣೆ ಬಿಡಿ. ಇಷ್ಟಾದ ಮೇಲೂ ಕಳ್ಳನ ಭಯ ಅಂದರೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಖರ್ಚು ಅಂತೀರಾ? ನಿಮ್ಮ ಏರಿಯಾದ ವೆಲ್ಡಿಂಗ್ ಶಾಪಿನವರನ್ನೇ ಕೇಳಿ, ನಾಲ್ಕು ರಾಡ್ ಕತ್ತರಿಸಿ ಕೀಲು ಹಾಕಿ ಚಿಲಕ ಇಡುವ ಕೆಲಸ. ಓನರ್ ಒಪ್ಪಲ್ಲ ಅಂತೀರಾ? ಒಪ್ಪಿಸಿ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟಿದ್ದೀರಿ, ಒಂದು ಬಾಗಿಲು ಕೇಳೋಕೆ ಸಂಕೋಚ ಯಾಕೆ? ನಾಳೆ ಅಲ್ಲ, ಹಬ್ಬ ಮುಗಿದ ಮೇಲೆ ಅಲ್ಲ. ಇಡಿಸಿ ಅಂದ್ರೆ ಇಡಿಸಿ!

ಈ ವಿಡಿಯೋನ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ, ಓನರ್‌ಗೆ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಬಾಗಿಲು ಇಡಿಸಿದವರು ಫೋಟೋ ಕಳಿಸಿ, ಮುಂದಿನ ವಿಡಿಯೋದಲ್ಲಿ ಎಲ್ಲವನ್ನೂ ತೋರಿಸುತ್ತೇನೆ.